ಬಂದೂಕಿಲ್ಲದ ಬಂದೂಕು ಸಂಗ್ರಹ

ನಮ್ಮ ದೊಡ್ಡ ಮಾವನ ಮನೆಯಲ್ಲಿ ಹಳೇ ಕಾಲದ ಬಂದೂಕುಗಳ ಸಂಗ್ರಹವಿದೆ. ಶಿಡ್ಲಘಟ್ಟದಲ್ಲಿ ಅವರ ಬೀದಿಗೆ ಹೋಗಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ತೇಗದ ಶೋಕೇಸಿದೆ, ಅದಕ್ಕೆ ಗಾಜಿನ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ಒಳಗೆ ಕೆಂಪು ಮಕಮಲ್ಲು ಹಾಸಿದೆ. ನಳಿಕೆ ಒರೆಸಲು ಬಟ್ಟೆ, ತುಕ್ಕು ಹಿಡಿಯದಿರಲು ಎಣ್ಣೆ, ಒಂದೊಂದರ ಚರಿತ್ರೆ ಬರೆದಿಡಲು ದಪ್ಪ ರಟ್ಟಿನ ಪುಸ್ತಕ, ಎಲ್ಲವೂ ಇವೆ. ಬಂದೂಕು ಮಾತ್ರ ಒಂದೂ ಇಲ್ಲ!

ನಗುತ್ತೀರಿ ತಾನೇ? ನಗಿ. ಆದರೆ ಈ ಇಲ್ಲದ ಬಂದೂಕುಗಳಿಗಾಗಿ ಎರಡು ವರ್ಷ ಮಾವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ನಾಲ್ಕು ತಾಲ್ಲೂಕಿನ ಧೂಳು ಕುಡಿದವಳು ನಾನು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ವಾರವಿಡೀ ಪಾಠ ಹೇಳಿ, ಭಾನುವಾರ ಒಂದಿಷ್ಟು ಮಲಗೋಣ ಅಂದುಕೊಳ್ಳುವಷ್ಟರಲ್ಲಿ ಗೇಟಿನ ಹತ್ತಿರ ಹಾರನ್ನು ಕೇಳಿಸುತ್ತಿತ್ತು. "ಹೊರಡಮ್ಮಾ, ಹೊರಡು, ಹೊತ್ತಾಯ್ತು!" ಯಾವುದಕ್ಕೆ ಹೊತ್ತಾಯಿತು ಅಂತ ಕೇಳುವ ಹಾಗಿರಲಿಲ್ಲ. ಮಾವನಿಗೆ ಹುಟ್ಟಿದಾಗಿನಿಂದಲೂ ಹೊತ್ತಾಗಿದೆ.

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ. ತಿಂಡಿ ತಿನ್ನುವುದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಡ್ರೈವರ್ ಪಕ್ಕ ನಿಂತುಕೊಂಡು ರಸ್ತೆ ನೋಡುತ್ತಾರೆ, ಬಸ್ಸು ಓಡಿಸುವ ಜವಾಬ್ದಾರಿ ತಮ್ಮದೂ ಸ್ವಲ್ಪ ಇದೆ ಅನ್ನುವ ಹಾಗೆ. ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಎರಡನೇ ಪಂಕ್ತಿಗೆ ಸಾರಿನ ಬಕೆಟ್ಟು ಹಿಡಿದಿರುತ್ತಾರೆ. ನಮ್ಮ ಹಳೇ ಆಲ್ಬಮ್ಮುಗಳನ್ನು ತೆರೆದು ನೋಡಿ. ಎಲ್ಲರೂ ಸರಿಯಾಗಿ ಬಿದ್ದಿದ್ದಾರೆ, ಎರಡನೇ ಸಾಲಿನ ಕೊನೆಯಲ್ಲಿ ಮಾತ್ರ ಒಂದು ಬಿಳಿ ಶರ್ಟಿನ ಮಸುಕು! ಅದೇ ನಮ್ಮ ಮಾವ.

ಇದರ ಜೊತೆಗೆ ಇನ್ನೊಂದು ಚಾಳಿಯಿದೆ. ಅವರು ಕೆಲಸ ಮಾಡಿ ನಿವೃತ್ತರಾದದ್ದು ರೇಷ್ಮೆ ಇಲಾಖೆಯಲ್ಲಿ. ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳ ಲೊಟಲೊಟ ಅನ್ನುತ್ತದೆ. ಅಂದರೆ ಗೂಡು ಚೆನ್ನಾಗಿದೆ ಅಂತ ಲೆಕ್ಕ. ಹುಳ ಒಳಗೇ ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದಿಲ್ಲ. ಮೂವತ್ತು ಚಿಲ್ಲರೆ ವರ್ಷ ಗೂಡು ಅಲ್ಲಾಡಿಸಿದ ಕೈ, ನಿವೃತ್ತಿಯಾದರೆ ಸುಮ್ಮನಿರುತ್ತದೆಯೇ? ನಿಂಬೆಹಣ್ಣು, ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಹೊಸ ಮೊಬೈಲು, ಕೈಗೆ ಸಿಕ್ಕಿದ್ದೆಲ್ಲ ಕಿವಿಯ ಹತ್ತಿರ ಹೋಗಿ ಎರಡು ಸಲ ಅಲ್ಲಾಡಲೇಬೇಕು. ನನ್ನ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಕೊಟ್ಟ ಉಂಗುರದ ಪೆಟ್ಟಿಗೆಯನ್ನೂ ಎಲ್ಲರೆದುರಿಗೆ ಅಲ್ಲಾಡಿಸಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಾವ ಮಾತ್ರ ತೃಪ್ತಿಯಿಂದ ತಲೆಯಾಡಿಸಿ, "ಇದೆ, ಇದೆ" ಅಂದರು.

ಇಂಥವರಿಗೆ ಬಂದೂಕಿನ ಹುಚ್ಚು ಹಿಡಿದದ್ದು ನನ್ನ ಅಮ್ಮ ತೀರಿಹೋದ ಮೇಲೆ. ಅಮ್ಮ ಅವರ ಒಬ್ಬಳೇ ತಂಗಿ, ಅವರಿಗಿಂತ ಆರು ವರ್ಷಕ್ಕೆ ಚಿಕ್ಕವಳು. ಕಾರ್ಯಗಳೆಲ್ಲ ಮುಗಿದ ಮೇಲೆ ಅವಳ ಟ್ರಂಕು ತೆಗೆದೆವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಳದಿಯಾದ ಚೀಟಿ ಸಿಕ್ಕಿತು. ಪೊಲೀಸ್ ಠಾಣೆಯ ರಸೀದಿ!

ನಮ್ಮ ಕಡೆ ಎಲೆಕ್ಷನ್ ಬಂತೆಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ಮುಗಿದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರಬೇಕು. ಹೊಲಕ್ಕೆ ಬರುವ ಹಂದಿ ಓಡಿಸಲು ತಾತ ಇಟ್ಟುಕೊಂಡಿದ್ದ ಹಳೇ ತುಪಾಕಿಯೂ ಹೀಗೆ ಪ್ರತಿ ಸಲ ಠಾಣೆಗೆ ಹೋಗಿ ಬರುತ್ತಿತ್ತು. ಕೊನೆಯ ಸಲ ತಾತ ಅದನ್ನು ಒಪ್ಪಿಸಿ ಬಂದರು, ವೋಟೂ ಹಾಕಿದರು, ಬಿಡಿಸಿಕೊಂಡು ಬರುವ ಮೊದಲೇ ಹೊರಟುಹೋದರು. ಲೈಸೆನ್ಸ್ ಇದ್ದದ್ದು ಅವರ ಹೆಸರಿನಲ್ಲಿ. ತುಪಾಕಿ ಠಾಣೆಯಲ್ಲೇ ಉಳಿಯಿತು. ಅದಾದ ಮೇಲೆ ಎಷ್ಟು ಎಲೆಕ್ಷನ್ ಆದವೋ!

ಮಾವ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ಹಜಾರದ ಈ ತುದಿಯಿಂದ ಆ ತುದಿಗೆ ಓಡಾಡಲು ಶುರು ಮಾಡಿದರು. ಹತ್ತನೇ ಸಲಕ್ಕೆ ನಿಂತು ಘೋಷಿಸಿದರು:

"ನಾನು ಪುರಾತನ ಬಂದೂಕುಗಳ ಸಂಗ್ರಹ ಮಾಡ್ತೀನಿ. ಅಪ್ಪನ ತುಪಾಕಿ ಮೊದಲ್ನೇದು."

"ಅದಕ್ಕೇನು ಅಂಥ ಚರಿತ್ರೆ ಮಾವ?" ಅಂದೆ.

"ಪಾಳೇಗಾರರ ಕಾಲದ್ದು ಕಣೇ!"

ತಾತ ಅದನ್ನು ಸಂತೆಯ ಹತ್ತಿರ ಯಾರೋ ಸಾಹುಕಾರರಿಂದ ತಗೊಂಡದ್ದು ಅಂತ ಅತ್ತೆ ಒಳಗಿನಿಂದ ಕೂಗಿದರು. ಮಾವ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನವೇ ಠಾಣೆಗೆ ಹೋದೆವು. ಅಲ್ಲಿನ ರೈಟರು ಒಳ್ಳೆಯವರು. ರಸೀದಿ ನೋಡಿ ಆಶ್ಚರ್ಯಪಟ್ಟು, ಹಿಂದಿನ ಕೋಣೆ ತೆಗೆದು ದೂರದಿಂದಲೇ ತೋರಿಸಿದರು. ಗೋಡೆಗೆ ಒರಗಿ ಏಳೆಂಟು ಬಂದೂಕುಗಳು ನಿಂತಿದ್ದವು, ಒಂದೊಂದರ ಕುತ್ತಿಗೆಗೂ ದಾರ ಕಟ್ಟಿ ರಟ್ಟಿನ ಚೀಟಿ. ಮಾವ ಎರಡು ಹೆಜ್ಜೆ ಮುಂದೆ ಹೋದರು.

"ಸಾರ್, ಮುಟ್ಟಂಗಿಲ್ಲ."

"ನಮ್ಮಪ್ಪಂದು ಕಣ್ರೀ."

"ಯಾರಪ್ಪಂದಾದ್ರೂ ಮುಟ್ಟಂಗಿಲ್ಲ ಸಾರ್. ವಾರಸುದಾರ್ರು ಅಂತ ಅರ್ಜಿ ಹಾಕಿ ಲೈಸೆನ್ಸ್ ಮಾಡಿಸ್ಕೊಳ್ಳಿ. ಬೇಗ ಮಾಡ್ಸಿ. ಯಾರೂ ಕೇಳ್ದೆ ಇರೋವೆಲ್ಲ ಲಿಸ್ಟ್ ಆಗ್ತಿದೆ. ಜಿಲ್ಲೆಗೆ ಕಳ್ಸಿ ಕರಗಿಸ್ಬಿಡ್ತಾರೆ."

ಕರಗಿಸುತ್ತಾರೆ ಅನ್ನುವ ಮಾತು ಕೇಳಿದ್ದೇ ತಡ, ಮಾವನ ಕಾಲಿಗೆ ಚಕ್ರ ಬಂತು. ಅವತ್ತೇ ಅರ್ಜಿ ಹಾಕಿದರು. ಅದರಲ್ಲಿ ಒಂದು ಪ್ರಶ್ನೆ, ಆಯುಧ ಯಾವ ಉದ್ದೇಶಕ್ಕೆ ಬೇಕು ಅಂತ. ಬೆಳೆ ರಕ್ಷಣೆ, ಆತ್ಮರಕ್ಷಣೆ ಅಂತೆಲ್ಲ ಬರೆಯುತ್ತಾರೆ ಜನ. ಮಾವ ದುಂಡಗೆ ಬರೆದರು: "ನೋಡುವುದಕ್ಕೆ."

ಅರ್ಜಿ ಹೋದ ಮೇಲೆ ಕಾಯಬೇಕು. ಕಾಯುವುದಕ್ಕೂ ಮಾವನಿಗೂ ಎಣ್ಣೆ ಸೀಗೇಕಾಯಿ. ಚಿಂತಾಮಣಿಗೆ ಓಡಿ ಬಡಗಿಗೆ ಹೇಳಿ ಶೋಕೇಸು ಮಾಡಿಸಿದರು. ಏಳು ಬಂದೂಕು ನಿಲ್ಲಿಸಲು ಏಳು ಗೂಡು. ತಿಂಗಳುಗಟ್ಟಲೆ ಖಾಲಿ ನಿಂತದ್ದನ್ನು ನೋಡಿ ಅತ್ತೆ ಮೊದಲನೆಯದರಲ್ಲಿ ಛತ್ರಿ ಇಟ್ಟರು. ಎರಡನೆಯದರಲ್ಲಿ ಜೇಡ ತೆಗೆಯುವ ಕೋಲು. ಮೂರನೆಯದರಲ್ಲಿ ಸೊಳ್ಳೆ ಬ್ಯಾಟು ಬಂತು, ಚಾರ್ಜಿಗೆ ಹಾಕಲು ಅನುಕೂಲ ಅಂತ ಹಿಂದೆ ಒಂದು ಪ್ಲಗ್ಗು ಬೇರೆ! ಮನೆಗೆ ಬಂದವರು ಗಾಜಿನ ಬಾಗಿಲ ಮುಂದೆ ಕೈಕಟ್ಟಿ ನಿಂತು ಸೊಳ್ಳೆ ಬ್ಯಾಟನ್ನು ಗೌರವದಿಂದ ನೋಡಿ ಹೋಗುತ್ತಿದ್ದರು.

ಉಳಿದ ಆರು ಗೂಡುಗಳಿಗೆ ಸರಕು ಹುಡುಕುವುದು ಭಾನುವಾರಗಳ ಕೆಲಸ. ಕೆಂಚಾರ್ಲಹಳ್ಳಿಯಲ್ಲಿ ಒಂದು ಮನೆಯಲ್ಲಿ ನೂರಾರು ವರ್ಷದ ಬಂದೂಕಿನ ನಳಿಕೆಯಿದೆ ಅಂತ ಯಾರೋ ಹೇಳಿದರು. ಬಿಸಿಲಿನಲ್ಲಿ ಹೋದೆವು. ಮನೆಯ ಅಜ್ಜಿ ಒಲೆಯ ಮುಂದೆ ಕೂತಿದ್ದರು. ಮಾವ ವಿಷಯ ಹೇಳಿದರು. ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕೈಲಿದ್ದ ಕೊಳವೆಯಿಂದ ಒಲೆಯನ್ನು ಉಫ್ ಅಂತ ಊದಿದರು. ಬೂದಿ ಹಾರಿತು. ಆ ಊದುಕೊಳವೆಯೇ ನಾವು ಹುಡುಕಿಕೊಂಡು ಹೋದ ನಳಿಕೆ!

"ಅಜ್ಜೀ, ಇದು ಒಲೆ ಊದೋ ವಸ್ತು ಅಲ್ಲ, ಇದಕ್ಕೊಂದು ಚರಿತ್ರೆ ಇದೆ" ಅಂದರು ಮಾವ.

"ಏಂ ನಾಯನಾ, ಚರಿತ್ರೆಗೆ ಅನ್ನ ಬೇಯ್ತದಾ? ಇದ್ರಲ್ಲಿ ನಮ್ಮತ್ತೆ ಊದಿದ್ಲು, ನಾನು ಊದಿದೀನಿ, ಒಂದಿನ ತಪ್ಪಿಲ್ಲ. ನಿಮ್ಮ ತುಪಾಕಿ ದಿನಾ ಕೆಲ್ಸ ಮಾಡ್ತದಾ?"

ಮಾವ ಒಂದು ಸಲ ಅಲ್ಲಾಡಿಸಲು ಕೊಡಿ ಅಂತ ಕೇಳಿ, ಅಲ್ಲಾಡಿಸಿ, ಕಿವಿಯ ತುಂಬಾ ಬೂದಿ ತುಂಬಿಕೊಂಡು ವಾಪಸ್ಸು ಬಂದರು.

ನಂದಿಯ ದ್ರಾಕ್ಷಿ ತೋಟದವರೊಬ್ಬರ ಮನೆಯಲ್ಲಿ ಅವರ ಮುತ್ತಾತನ ಕಾಲದ ಬಂದೂಕಿದೆ ಅಂದರು. ಅಲ್ಲಿಗೂ ಹೋದೆವು. ತೋಟದೊಳಗೆ ಕಾಲಿಡುತ್ತಲೇ ಢಂ ಢಂ ಅಂತ ಸದ್ದು! ನಾನು ಸ್ಕೂಟರಿನ ಹಿಂದೆ ಅವಿತೆ. ಮಾವ ಸದ್ದು ಬಂದ ಕಡೆಗೇ ಓಡಿದರು. ಹೋಗಿ ನೋಡಿದರೆ ಕಂಬಕ್ಕೆ ಕಟ್ಟಿದ ಸ್ಪೀಕರು, ಅದಕ್ಕೊಂದು ಪೆನ್ ಡ್ರೈವು. ಹಕ್ಕಿ ಓಡಿಸಲು ಗುಂಡಿನ ಸದ್ದು ಹಾಕಿದ್ದಾರೆ. ಸ್ಪೀಕರಿನ ಮೇಲೆಯೇ ಎರಡು ಗೊರವಂಕ ಕೂತು ದ್ರಾಕ್ಷಿ ತಿನ್ನುತ್ತಿದ್ದವು.

"ಬಂದೂಕು ಎಲ್ಲಪ್ಪಾ?" ಅಂದರು ಮಾವ.

"ಸ್ಟೇಷನ್ನಲ್ಲಿದೆ ಸಾರ್. ಪಂಚಾಯ್ತಿ ಎಲೆಕ್ಷನ್ನಿಗೆ ಕೊಟ್ಟೆ. ಬಿಡಿಸ್ಕೊಂಡು ಬರೋಷ್ಟರಲ್ಲಿ ಇನ್ನೊಂದು ಎಲೆಕ್ಷನ್. ಆಮೇಲೆ ಮತ್ತೊಂದು. ಪ್ರಜಾಪ್ರಭುತ್ವ ಇರೋವರ್ಗೂ ಅದು ಮನೆಗೆ ಬರಲ್ಲ ಸಾರ್."

ಗೌರಿಬಿದನೂರಿನಲ್ಲಿ ಮಾತ್ರ ಒಂದು ನಿಜವಾಗಿಯೂ ಮನೆಯಲ್ಲೇ ಇತ್ತು. ನಾಟಕದ ಮೇಷ್ಟ್ರೊಬ್ಬರದು. ಗೋಡೆಯಿಂದ ಇಳಿಸಿ ಭಕ್ತಿಯಿಂದ ಮಾವನ ಕೈಗೆ ಕೊಟ್ಟರು. ಮಾವ ಕಿವಿಯ ಹತ್ತಿರ ಎರಡು ಸಲ ಅಲ್ಲಾಡಿಸಿದರು. ಗುಂಡು ಹಾರಿಸಲು ಎಳೆಯುವ ಕುದುರೆ ಕಳಚಿ ಕೆಳಗೆ ಬಿತ್ತು, ನಳಿಕೆ ಬಗ್ಗಿತು. ರಟ್ಟು ಮತ್ತು ಕಪ್ಪು ಬಣ್ಣ! ಮುಂದಿನ ವಾರ ನಾಟಕವಿತ್ತಂತೆ. ಆ ಮೇಷ್ಟ್ರು ಈಗಲೂ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ.

ನನಗೂ ಸಿಟ್ಟು ಬರುತ್ತಿತ್ತು. ಅಮ್ಮ ಹೋದ ದುಃಖದಲ್ಲಿ ನಾನೊಂದು ಕಡೆ ಕೂತು ಅಳುವುದಕ್ಕೂ ಈ ಮನುಷ್ಯ ಬಿಡುತ್ತಿಲ್ಲವಲ್ಲ ಅಂತ. ತಂಗಿ ಹೋಗಿ ವರ್ಷವಾಗಿಲ್ಲ, ಇವರಿಗೆ ಬಂದೂಕಿನ ಆಟ! ಒಂದು ಸಲ ಮುದ್ದೇನಹಳ್ಳಿಯ ಹತ್ತಿರ ಸ್ಕೂಟರು ಪಂಕ್ಚರಾಗಿ ನಿಂತಾಗ ಬಾಯಿಬಿಟ್ಟು ಅಂದೇಬಿಟ್ಟೆ. "ಅಮ್ಮನ ನೆನಪಾದ್ರೂ ಬರುತ್ತಾ ಮಾವ ನಿಮಗೆ?" ಮಾವ ಟೈರನ್ನು ಕಾಲಿನಿಂದ ಒತ್ತಿ ನೋಡಿ, ಸ್ಕೂಟರನ್ನು ತಳ್ಳಿಕೊಂಡು ನನಗಿಂತ ಬಹಳ ಮುಂದೆ ಹೋದರು.

ಕಡೆಗೆ ಲೈಸೆನ್ಸಿನ ವಿಚಾರಣೆಗೆ ಇಬ್ಬರು ಪೊಲೀಸರು ಬಂದರು. ಅರ್ಜಿದಾರ ಸಮಾಧಾನದ ಮನುಷ್ಯನೇ ಅಂತ ಅಕ್ಕಪಕ್ಕದಲ್ಲಿ ಕೇಳಿ ಬರೆದುಕೊಳ್ಳಬೇಕಂತೆ. ನಮ್ಮ ಮಾವನ ವಿಷಯದಲ್ಲಿ ಈ ಪ್ರಶ್ನೆ! ಎದುರು ಮನೆಯವರು ಸತ್ಯವಂತರು. "ಜಗಳ ಗಿಗಳ ಏನೂ ಇಲ್ಲ ಸಾರ್, ಬಂಗಾರದಂಥ ಮನುಷ್ಯ" ಅಂತ ಶುರು ಮಾಡಿ, "ಆದ್ರೆ ಸಮಾಧಾನ ಅಂತೀರಾ..." ಅಂತ ಹೇಳಿ ಆಕಾಶ ನೋಡಿದರು. ಅಷ್ಟರಲ್ಲಿ ಮಾವ ಆ ಪೊಲೀಸರಿಗೆ ನೀರು ತಂದು, ಕಾಫಿ ತಂದು, ಕುರ್ಚಿ ನೆರಳಿಗೆ ಎಳೆದು, ಮತ್ತೆ ಬಿಸಿಲಿಗೆ ಎಳೆದು, ಅವರಲ್ಲೊಬ್ಬರ ಲಾಠಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಆಗಿತ್ತು.

ಕೊನೆಯದು ಮನೆಯವರ ಹೇಳಿಕೆ. ಅತ್ತೆ ಸೆರಗು ಸರಿಮಾಡಿಕೊಂಡು ಬಂದರು.

"ಅಮ್ಮಾ, ನಿಮ್ದೇನಾದ್ರೂ ಅಭ್ಯಂತರ ಇದೆಯಾ?"

"ಇದೆ ಸಾರ್. ಬರ್ಕೊಳ್ಳಿ. ಇವ್ರು ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸ್ತಾರೆ. ನಾಳೆ ತುಪಾಕಿನೂ ಹಂಗೇ ಮಾಡಿದ್ರೆ ನನ್ನ ಗತಿ ಏನು?"

ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಠಿಯವರು ತಮ್ಮ ಲಾಠಿ ನೋಡಿಕೊಂಡರು. ಅಕ್ಷರ ಬಿಡದೆ ಬರೆದುಕೊಂಡು ಹೋದರು. ಅರ್ಜಿ ತಿರಸ್ಕೃತವಾಯಿತು ಅಂತ ಬೇರೆ ಹೇಳಬೇಕೇ?

ತಿರಸ್ಕಾರದ ಕಾಗದ ಬಂದ ಮೂರನೇ ದಿನ ಅತ್ತೆಯ ಫೋನು. ಗಾಬರಿಯ ದನಿ.

"ಬೇಗ ಬಾಮ್ಮಾ. ನಿಮ್ಮಾವ ಬೆಳಗ್ಗಿಂದ ಕೂತಿದ್ದಾರೆ."

"ಕೂತಿದ್ದಾರಾ?"

"ಕೂತೇ ಇದ್ದಾರೆ ಕಣಮ್ಮಾ! ಮಂಚದ ಮೇಲೆ. ತಿಂಡಿನೂ ಕೂತೇ ತಿಂದ್ರು. ಡಾಕ್ಟ್ರನ್ನ ಕರೀಲಾ?"

ಬೇರೆಯವರ ಮನೆಯಲ್ಲಿ ಗಂಡ ಕೂತು ತಿಂಡಿ ತಿಂದರೆ ಯಾರೂ ಡಾಕ್ಟರನ್ನು ಕರೆಯುವುದಿಲ್ಲ. ಆದರೆ ಅವತ್ತು ನಾನೂ ಗಾಬರಿಯಾದೆ. ಕಾಲೇಜಿಗೆ ಅರ್ಧ ದಿನ ರಜೆ ಹೇಳಿ ಬಸ್ಸು ಹತ್ತಿದೆ. ಹೋದರೆ ನಿಜವಾಗಿಯೂ ಕೂತಿದ್ದಾರೆ. ಕೈಗಳು ಮೊಣಕಾಲ ಮೇಲೆ. ಒಂದು ಬೆರಳೂ ಅಲ್ಲಾಡುತ್ತಿಲ್ಲ. ಈಗ ಫೋಟೋ ತೆಗೆದರೆ ಸ್ಪಷ್ಟವಾಗಿ ಬೀಳುತ್ತಾರೆ ಅನ್ನಿಸಿ ನನಗೆ ಅಳು ಬಂತು.

"ಮಾವ, ಬೇರೆ ಯಾವ್ದಾದ್ರೂ ಹುಡುಕೋಣ. ಏಳು ಗೂಡು ಇವೆಯಲ್ಲ."

"ಏಳೂ ಬೇಡ ಕಣೇ. ನಂಗೆ ಬೇಕಾಗಿದ್ದು ಅದೊಂದೇ."

"ಮತ್ತೆ ಸಂಗ್ರಹ?"

"ಒಂದು ತುಪಾಕಿ ಬೇಕು ಅಂದ್ರೆ ಯಾಕೆ ಅಂತ ಕೇಳ್ತಾರೆ. ಸಂಗ್ರಹ ಅಂದ್ರೆ ಹುಚ್ಚ ಅಂತ ಸುಮ್ಮನಾಗ್ತಾರೆ."

ಯಾಕೆ ಅಂತ ನಾನು ಕೇಳಿದೆ. ಎರಡು ವರ್ಷದಲ್ಲಿ ಮೊದಲನೇ ಸಲ.

ಮಾವ ನಿಧಾನವಾಗಿ ಹೇಳಿದರು. ಅವರಿಗೆ ಏಳು ವರ್ಷ, ಅಮ್ಮನಿಗೆ ಒಂದು. ತುಪಾಕಿಯ ಹಿಂದಿನ ಮರ, ಹೆಗಲಿಗೆ ಒರಗಿಸುವುದು, ಸೀಳಿತ್ತಂತೆ. ತಾತ ಊರಿನ ಆಚಾರಿಯಿಂದ ಮಾವಿನ ಮರದಲ್ಲಿ ಹೊಸದು ಮಾಡಿಸಿ, ಮೂಲೆಯಲ್ಲಿಟ್ಟು, ಮಗೂನ ನೋಡಿಕೊಳ್ಳೋ ಅಂತ ಇವರಿಗೆ ಹೇಳಿ ಹೊಲಕ್ಕೆ ಹೋದರು. ಇವರು ಆಗಲೂ ಇವರೇ! ಒಂದು ಕಡೆ ಕೂರದೆ ಗೋಲಿ ಆಡಲು ಓಡಿದರು. ವಾಪಸ್ಸು ಬಂದು ನೋಡಿದರೆ ತುಪಾಕಿ ಕೆಳಗೆ ಬಿದ್ದಿದೆ, ಮಗು ಅದರ ಪಕ್ಕ ಕೂತು ಹೊಸ ಮರವನ್ನು ಕಚ್ಚುತ್ತಿದೆ. ಹಲ್ಲು ಹುಟ್ಟುತ್ತಿದ್ದ ಕಾಲ. ಹಸಿ ಮರದ ಮೇಲೆ ಮೇಲೆರಡು ಕೆಳಗೆರಡು, ನಾಲ್ಕು ಗುರುತು.

"ಅಪ್ಪ ಬಂದು ಯಾರೋ ಇದು ಅಂತ ಗುಡುಗಿದ್ರು. ನಾನೇ ಅಪ್ಪಾ, ನಾನೇ ಕಚ್ಚಿದ್ದು ಅಂದೆ. ಬಾಯಿ ತೆಗಿ ಅಂದ್ರು. ತೆಗ್ದೆ."

"ಆಮೇಲೆ?"

"ಆವಾಗ ನಂಗೆ ಹಾಲುಹಲ್ಲು ಬಿದ್ದಿದ್ವು. ಮುಂದೆ ಒಂದೂ ಹಲ್ಲಿರ್ಲಿಲ್ಲ!"

ತಾತ ಎಷ್ಟು ನಕ್ಕರೆಂದರೆ ಹೊಡೆಯಲು ಎತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡರಂತೆ. ಆಚಾರಿ ಬಂದು ಉಜ್ಜಿ ನುಣುಪು ಮಾಡುತ್ತೇನೆ ಅಂದಾಗ ಬೇಡ, ಇರಲಿ ಅಂದರಂತೆ. ಆಮೇಲೆ ಪ್ರತಿ ವರ್ಷ ಆಯುಧಪೂಜೆಗೆ ತುಪಾಕಿಗೆ ಕುಂಕುಮ ಇಡುವಾಗ ಅಮ್ಮ ಆ ನಾಲ್ಕು ಗುರುತಿಗೂ ಒಂದೊಂದು ಬೊಟ್ಟು ಇಡುತ್ತಿದ್ದಳಂತೆ. ರಸೀದಿಯನ್ನು ಅವಳು ಟ್ರಂಕಿನಲ್ಲಿ ಯಾಕೆ ಇಟ್ಟುಕೊಂಡಿದ್ದಳು ಅಂತ ಆಗ ಗೊತ್ತಾಯಿತು.

"ಅವಳ ಹಲ್ಲು ಕಣೇ" ಅಂದರು ಮಾವ. "ಅವಳ ಮೊದ್ಲನೇ ಹಲ್ಲು. ಅದನ್ನ ತಗೊಂಡ್ಹೋಗಿ ಬೆಂಕಿಗೆ ಹಾಕ್ತಾರಂತೆ."

ನಾನು ಮುದ್ದೇನಹಳ್ಳಿಯ ರಸ್ತೆಯಲ್ಲಿ ಕೇಳಿದ ಪ್ರಶ್ನೆ ನೆನಪಾಗಿ ತಲೆ ಎತ್ತಲಾಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದರು. ಕಾಯಿಯ ಬುಟ್ಟಿಯನ್ನು ಕೆಳಗಿಟ್ಟರು.

"ಅಲ್ರೀ, ಹಲ್ಲಿನ ಗುರುತಿರೋದು ಮರದಲ್ಲೋ ಕಬ್ಬಿಣದಲ್ಲೋ?"

"ಮರದಲ್ಲಿ."

"ಗುಂಡು ಹಾರೋದು?"

"ಕಬ್ಬಿಣದಲ್ಲಿ."

"ಹಂಗಾದ್ರೆ ಕಬ್ಬಿಣ ಅವ್ರೇ ಕರಗಿಸ್ಕೊಳ್ಳಿ. ಮರ ಬಿಚ್ಚಿ ಕೊಡ್ರಪ್ಪಾ ಅಂತ ಕೇಳ್ಬಾರ್ದಾ? ಇಷ್ಟಕ್ಕೆ ಎರಡು ವರ್ಷ ಈ ಹುಡುಗೀನ ಬಿಸಿಲಲ್ಲಿ ತಿರುಗಿಸಿದ್ರಾ?" ಅಂದವರು, ಮಂಚದ ತುದಿಯಲ್ಲಿ ಕೂತು, "ನಂಗೆ ಒಂದು ಮಾತು ಹೇಳಿದ್ರೆ ನಾನು ಪೊಲೀಸ್ನೋರಿಗೆ ಹಂಗೆ ಹೇಳ್ತಿದ್ನಾ?" ಅಂದರು.

ಅರ್ಜಿಯನ್ನು ಅತ್ತೆಯೇ ಹೇಳಿದರು, ನಾನು ಬರೆದೆ. ನಮ್ಮ ಯಜಮಾನರ ತಂದೆಯವರ ತುಪಾಕಿಯ ಹಿಂದಿನ ಮರ ಮಾತ್ರ ನಮಗೆ ದಯಪಾಲಿಸಬೇಕು, ಕಬ್ಬಿಣ ಬೇಡ. ಠಾಣೆಗೂ ಅತ್ತೆಯೇ ಮುಂದಾಗಿ ಹೊರಟರು. ಕಾರಣ ಏನು ಅಂತ ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. "ನಮ್ಮ ನಾದಿನಿ ಹಲ್ಲು ಸಾರ್ ಅದ್ರಲ್ಲಿರೋದು" ಅಂದರು ಅತ್ತೆ. ಸಾಹೇಬರು ಪೆನ್ನು ಕೆಳಗಿಟ್ಟು, ಕೂತ್ಕೊಳ್ಳಿ ಅಮ್ಮಾ ಅಂದರು. ಎಲ್ಲ ಕೇಳಿಕೊಂಡು, ಕಾಗದವನ್ನು ಜಿಲ್ಲೆಗೆ ಕಳಿಸಿದರು. ಲಿಸ್ಟಿನ ಬಂದೂಕುಗಳು ಹೊರಡುವ ಹಿಂದಿನ ವಾರ ಒಪ್ಪಿಗೆ ಬಂತು.

ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ರಟ್ಟಿನ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಮನೆಗೆ ತಂದು ಬಿಚ್ಚಿದೆವು. ಕಂದು ಬಣ್ಣದ ಒಂದು ಮರದ ತುಂಡು, ಕಬ್ಬಿಣ ಕೂರಿಸಿದ್ದ ಕಡೆ ಖಾಲಿ ತೋಡು. ಅಂಚಿನಲ್ಲಿ ಪುಟ್ಟ ಪುಟ್ಟ ನಾಲ್ಕು ತಗ್ಗುಗಳು, ಒಂದರಲ್ಲಿ ಹಳೇ ಕುಂಕುಮದ ಕಲೆ. ಅಮ್ಮ ನನಗೆ ತುತ್ತು ಕೊಟ್ಟವಳು, ಬೈದವಳು, ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೋದವಳು. ಅವಳು ಇಷ್ಟು ಚಿಕ್ಕವಳಾಗಿದ್ದದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಕಿರುಬೆರಳಿನ ಉಗುರು ಸರಿಯಾಗಿ ಅದರಲ್ಲಿ ಕೂತಿತು.

ಅತ್ತೆ ಶೋಕೇಸಿನ ಮೊದಲ ಗೂಡಿನಿಂದ ಛತ್ರಿ ತೆಗೆದು, ಸೆರಗಿನಿಂದ ಮಕಮಲ್ಲು ಒರೆಸಿದರು. ಸೊಳ್ಳೆ ಬ್ಯಾಟು ಅಲ್ಲೇ ಇರಲಿ ಅಂದರು.

ಮಾವ ಮರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಿವಿಯ ಹತ್ತಿರ ಇಟ್ಟು ಅಲ್ಲಾಡಿಸಿದರು. ಅತ್ತೆ ಬೈಯಲಿಲ್ಲ. ಮಾವ ಬಹಳ ಹೊತ್ತು ಹಾಗೇ ನಿಂತಿದ್ದು, ನನ್ನ ಕಡೆ ನೀಡಿದರು.

"ನೀನೂ ಕೇಳಮ್ಮಾ."

ತಗೊಂಡು ಕಿವಿಯ ಹತ್ತಿರ ಹಿಡಿದೆ. ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಿದೆ.